ವ್ಯಾಯಾಮವೂ ಶರೀರವ್ಯಾಪಾರವೂ

ಪರೀಕ್ಷೆಗಳು ಸಮೀಪಿಸಿದಂತೆ ಶಾಲೆಯ ವೇಳಾಪಟ್ಟಿಯಲ್ಲಿ ಮೊದಲು ಲೋಪಸಂಧಿಗೆ ಗುರಿಯಾಗುವುದು ಆಟದ ಅವಧಿ. ಅದನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಟ್ಟರೆ ನಷ್ಟವೇನೂ ಇಲ್ಲವೆಂಬ ಭಾವನೆ ಅನೇಕರಲ್ಲಿ ಬೇರೂರಿದೆ. ಇದು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ನಿರ್ಣಯಿಸಬೇಕಾದರೆ, ವ್ಯಾಯಾಮ ಮಾಡುವವನ ಶರೀರದೊಳಗೆ ಏನು ನಡೆಯುತ್ತದೆಂಬುದನ್ನು ತಿಳಿಯಬೇಕು.

ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯವು ನಿಮಿಷಕ್ಕೆ ಸುಮಾರು 70 ಸಲ ಮಿಡಿಯುತ್ತದೆ. ಮಿಡಿತವೊಂದಕ್ಕೆ ಸುಮಾರು 70 ಮಿಲಿಲೀಟರಿನಂತೆ ನಿಮಿಷಕ್ಕೆ 5 ಲೀಟರಿನಷ್ಟು ರಕ್ತವನ್ನು ಹೊರದೂಡುತ್ತದೆ. ವೇಗವಾಗಿ ಓಡತೊಡಗಿದಾಗ ಮಿಡಿತಗಳ ಸಂಖ್ಯೆಯೂ ಪ್ರತಿ ಮಿಡಿತದ ರಕ್ತಪ್ರಮಾಣವೂ ಹೆಚ್ಚಿ, ಈ ಮೊತ್ತ 20 ಲೀಟರನ್ನು ಮುಟ್ಟುವುದುಂಟು. ಪಳಗಿದ ಓಟಗಾರರಲ್ಲಿ 30 ಲೀಟರನ್ನೂ ಮೀರಬಹುದು. ರಕ್ತದ ಹಂಚಿಕೆಯೂ ಆಗ ಬದಲಾಗುತ್ತದೆ. ವಿಶ್ರಾಂತಿಯಲ್ಲಿ ಐದರಲ್ಲಿ ಒಂದು ಪಾಲನ್ನಷ್ಟೇ ಪಡೆಯುವ ಸ್ನಾಯುಗಳು ತೀವ್ರ ಶ್ರಮದಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಸೆಳೆದುಕೊಳ್ಳುತ್ತವೆ. ಜಠರ, ಕರುಳುಗಳ ಪಾಲು ಕುಗ್ಗುತ್ತದೆ. ಉಂಡೊಡನೆ ಓಡಬಾರದೆಂಬ ಹಿರಿಯರ ಮಾತು ನಿರಾಧಾರವಾದುದಲ್ಲ. ಸ್ನಾಯುಗಳೊಳಗಿನ ಸೂಕ್ಷ್ಮ ರಕ್ತನಾಳಗಳು ಕೆಲಸಕ್ಕೆ ತಕ್ಕಂತೆ ತೆರೆದುಕೊಳ್ಳುವ ಕ್ರಮವನ್ನು ಕಂಡುಹಿಡಿದುದಕ್ಕಾಗಿ ಡೆನ್ಮಾರ್ಕಿನ ಆಗಸ್ಟ್ ಕ್ರೋಗ್ ಅವರಿಗೆ 1920ರ ನೊಬೆಲ್ ಪಾರಿತೋಷಕ ಸಂದಿತು.

ವಿಶ್ರಾಂತಿಯಲ್ಲಿ ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿಯನ್ನಾಡಿಸುವ ಶ್ವಾಸಕೋಶಗಳು ತೀವ್ರ ಶ್ರಮದಲ್ಲಿ 100 ಲೀಟರನ್ನು ಮೀರಬಲ್ಲವು. ಆದರೂ ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಶ್ರಮಕ್ಕೆ ಮೇರೆ ಹಾಕುವುದು ಶ್ವಾಸಕೋಶವಲ್ಲ, ಹೃದಯದ ಸಾಮರ್ಥ್ಯ.

ಸ್ನಾಯುವಿನಲ್ಲಿ ಸಿದ್ಧವಾಗಿರುವ ಎ.ಟಿ.ಪಿ. ಎಂಬ ಶಕ್ತಿದ್ರವ್ಯವು ಕೆಲವೇ ಕ್ಷಣಗಳಿಗೆ ಸಾಲುವಷ್ಟು. ಅದನ್ನು ಮತ್ತೆ ಮತ್ತೆ ಒದಗಿಸಲು ಸ್ನಾಯುವು ಕೂಡಿಟ್ಟ ಗ್ಲೈಕೋಜನ್ನನ್ನೂ, ದೀರ್ಘಶ್ರಮದಲ್ಲಿ ಮೇದಸ್ಸನ್ನೂ ಬಳಸುತ್ತದೆ. ಆಗ ಹುಟ್ಟುವ ಲ್ಯಾಕ್ಟೇಟನ್ನು ಹಿಂದೆ ಬರಿಯ ಕಲ್ಮಷವೆಂದೇ ಎಣಿಸಲಾಗಿತ್ತು. ಹೃದಯವೇ ಅದನ್ನು ಇಂಧನವಾಗಿ ಉಪಯೋಗಿಸುತ್ತದೆಂಬುದು ಈಗ ಸಿದ್ಧವಾಗಿದೆ.

ಇವೆಲ್ಲ ತಾತ್ಕಾಲಿಕ ಪರಿಣಾಮಗಳು. ಸ್ಥಾಯಿಯಾದ ಲಾಭವು ಅಭ್ಯಾಸದಿಂದಲೇ ಬರತಕ್ಕದ್ದು. ತಿಂಗಳುಗಟ್ಟಲೆ ತಪ್ಪದೆ ವ್ಯಾಯಾಮ ಮಾಡಿದವನ ಹೃದಯವು ಒಂದೊಂದು ಮಿಡಿತಕ್ಕೂ ಹೆಚ್ಚು ರಕ್ತವನ್ನು ಕಳುಹಿಸುವುದರಿಂದ ವಿಶ್ರಾಂತಿಯಲ್ಲಿ ಅದು ನಿಧಾನವಾಗಿ ಮಿಡಿಯುತ್ತದೆ. ಅಭ್ಯಾಸ ನಿಂತರೆ ಕೆಲವೇ ವಾರಗಳಲ್ಲಿ ಈ ಗಳಿಕೆ ಕರಗತೊಡಗುತ್ತದೆ. ಪರೀಕ್ಷೆಗಾಗಿ ಆಟವನ್ನು ನಿಲ್ಲಿಸಿದಾಗ ಕಳೆದುಹೋಗುವುದು ಇದೇ.

ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಹಿಂದೆ ಚಾಲಕರು ದಿನವಿಡೀ ಕುಳಿತಿರುತ್ತಿದ್ದರು. ನಿರ್ವಾಹಕರು ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದರು. ಹೃದ್ರೋಗವು ನಿರ್ವಾಹಕರಲ್ಲಿ ಕಡಿಮೆಯೆಂದು ಜೆರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದರು. ಸಮವಸ್ತ್ರದ ಅಳತೆಗಳನ್ನು ಪರಿಶೀಲಿಸಿದಾಗ ಚಾಲಕರ ಸೊಂಟವೂ ದೊಡ್ಡದೆಂದು ಕಂಡುಬಂದುದರಿಂದ, ಅಂತರವೆಲ್ಲವೂ ಮೆಟ್ಟಿಲಿನದೇ ಎನ್ನುವಂತಿಲ್ಲ. ಆದರೆ ತರುವಾಯದ ಅನೇಕ ಅಧ್ಯಯನಗಳು ಮೂಲ ಅಭಿಪ್ರಾಯವನ್ನು ದೃಢಪಡಿಸಿವೆ.

ಹಾಗಾದರೆ ಎಷ್ಟು ಶ್ರಮಿಸಬೇಕು? ಸುಶ್ರುತ ಸಂಹಿತೆಯು ಬಲದ ಅರ್ಧದಷ್ಟು ವ್ಯಾಯಾಮವನ್ನು ವಿಧಿಸಿ, ಹೃದಯಸ್ಥಾನದ ವಾಯುವು ಬಾಯಿಗೆ ಬರುವುದೇ ಆ ಅರ್ಧಬಲದ ಲಕ್ಷಣವೆಂದು ಹೇಳುತ್ತದೆ. ಮಾತನಾಡಲು ಸಾಧ್ಯ, ಹಾಡಲು ಅಸಾಧ್ಯ ಎಂಬಷ್ಟು ಉಸಿರಾಟವೇ ಮಧ್ಯಮ ಶ್ರಮದ ಗುರುತೆಂದು ಇಂದಿನ ವೈದ್ಯರು ಹೇಳುವರು. ಎರಡೂ ಉಸಿರನ್ನೇ ಅಳತೆಗೋಲಾಗಿ ಹಿಡಿದಿರುವುದು ಗಮನಾರ್ಹ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಅವಶ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಹೃದ್ರೋಗ, ಉಬ್ಬಸಗಳುಳ್ಳ ಮಕ್ಕಳಿಗೆ ಮಾತ್ರ ವೈದ್ಯರ ಸಲಹೆಯಂತೆ ಪ್ರಮಾಣವನ್ನು ಗೊತ್ತುಪಡಿಸಬೇಕು.

ಈ ಪಾಠಕ್ಕೆ ಉಪಕರಣವೇನೂ ಬೇಡ. ಓಟದ ಮೊದಲು, ಓಟ ಮುಗಿದೊಡನೆ, ಮತ್ತೆರಡು ನಿಮಿಷಗಳ ತರುವಾಯ ವಿದ್ಯಾರ್ಥಿಗಳು ತಮ್ಮ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡುಗಳ ಕಾಲ ಎಣಿಸಿ ನಾಲ್ಕರಿಂದ ಗುಣಿಸಲಿ. ವರ್ಷದ ಮೊದಲಲ್ಲಿ ಬರೆದಿಟ್ಟ ಅಂಕಿಗಳನ್ನು ವರ್ಷಾಂತ್ಯದ ಅಂಕಿಗಳೊಡನೆ ಹೋಲಿಸಿದರೆ, ಆಟದ ಅವಧಿಯು ಏನನ್ನು ಕೊಟ್ಟಿತೆಂಬುದನ್ನು ಅವರ ನಾಡಿಯೇ ತಿಳಿಸುವುದು. ಗಣಿತವೂ ವಿಜ್ಞಾನವೂ ಅಲ್ಲಿಯೇ ಇವೆ.