ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ

"ಕರೆದರೆ ತಿರುಗಿ ನೋಡುತ್ತಾನೆ, ಹೇಳಿದ್ದು ಮಾತ್ರ ತಿಳಿಯುವುದಿಲ್ಲ. ಬೇಕೆಂದೇ ಹೀಗೆ ಮಾಡುತ್ತಾನೋ?" ನರಗಳು ಕ್ರಮೇಣ ಕ್ಷೀಣಿಸುವ ಕಾಯಿಲೆಯುಳ್ಳವರ ಮನೆಯಲ್ಲಿ ಇಂಥ ಸಂದೇಹ ಹುಟ್ಟುವುದುಂಟು. ಇಲ್ಲ, ಅವನು ಬೇಕೆಂದು ಮಾಡುತ್ತಿಲ್ಲ.

1863ರಲ್ಲಿ ಜರ್ಮನಿಯ ವೈದ್ಯ ನಿಕೋಲಸ್ ಫ್ರೀಡ್ರೈಖ್ ವಿವರಿಸಿದ 'ಫ್ರೀಡ್ರೈಖ್ ಅಟಾಕ್ಸಿಯ' ಅಂಥದೊಂದು ಕಾಯಿಲೆ. ಇದಕ್ಕೆ ಕಾರಣವಾದ ಜೀನ್ ಪತ್ತೆಯಾದದ್ದು 1996ರಲ್ಲಿ. ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ಹೃದಯವೂ ದುರ್ಬಲವಾಗಬಹುದು. ಕೆಲವರಲ್ಲಿ ಶ್ರವಣ ನರವೂ ಕೆಡುತ್ತದೆ. ಆಗ ಕಿವಿಗೆ ಬಿದ್ದ ಸದ್ದು ಮಿದುಳಿಗೆ ಕಲಸಿಹೋಗಿ ತಲುಪುತ್ತದೆ. ಸಾಧಾರಣ ಶ್ರವಣ ಸಾಧನ ಆ ಕಲಸಿದ ಸದ್ದನ್ನೇ ದೊಡ್ಡದು ಮಾಡುತ್ತದೆ, ಅಷ್ಟೆ.

ಕಾಕ್ಲಿಯರ್ ಇಂಪ್ಲಾಂಟ್ ಕೆಲಸ ಮಾಡುವ ರೀತಿ ಬೇರೆ. ಹೊರಗಿನ ಯಂತ್ರ ಮಾತನ್ನು ಗ್ರಹಿಸುತ್ತದೆ. ಶಸ್ತ್ರಚಿಕಿತ್ಸೆಯಿಂದ ಒಳಗಿವಿಯಲ್ಲಿ ಕೂರಿಸಿದ ಸಣ್ಣ ತಂತಿ ಅದನ್ನು ವಿದ್ಯುತ್ ಸಂಕೇತವಾಗಿ ಶ್ರವಣ ನರಕ್ಕೆ ಕೊಡುತ್ತದೆ. ಆದರೆ ಇಲ್ಲಿ ಆ ನರವೇ ರೋಗಪೀಡಿತ. ಆದ್ದರಿಂದ ಕೆಲವರಿಗೆ ಮಾತು ಸ್ಪಷ್ಟವಾಗಿದೆ, ಕೆಲವರಿಗೆ ಹೆಚ್ಚು ಪ್ರಯೋಜನವಾಗಿಲ್ಲ. ಮೂಲ ಕಾಯಿಲೆಯಂತೂ ಇದರಿಂದ ನಿಲ್ಲುವುದಿಲ್ಲ.

ತೀರ್ಮಾನಕ್ಕೆ ಮುಂಚೆ ವೈದ್ಯರನ್ನು ಕೇಳಿರಿ:

1. ಶ್ರವಣ ನರ ಎಷ್ಟರಮಟ್ಟಿಗೆ ಉಳಿದಿದೆ?
2. ಅರಿವಳಿಕೆಯನ್ನು ಹೃದಯ ತಾಳಬಲ್ಲದೇ?
3. ಒಳಗಿನ ಸಾಧನದಲ್ಲಿ ಅಯಸ್ಕಾಂತವಿರುತ್ತದೆ. ಮುಂದೆ ಎಂ.ಆರ್.ಐ. ಬೇಕಾದರೆ ಏನು ಮಾಡಬೇಕು?
4. ಕೈ ನಡುಗುವವನಿಗೆ ಯಂತ್ರ ತೊಡಿಸಿ, ಬ್ಯಾಟರಿ ಬದಲಿಸುವವರು ಯಾರು? ತಿಂಗಳುಗಟ್ಟಲೆ ಆಲಿಸುವ ಅಭ್ಯಾಸ ಮಾಡಿಸುವವರು ಯಾರು?

ಈ ಕೊನೆಯ ಪ್ರಶ್ನೆಗೆ ಮನೆಯವರೇ ಉತ್ತರ ಹೇಳಬೇಕು.

ಇಂಪ್ಲಾಂಟ್ ಇರಲಿ, ಇಲ್ಲದಿರಲಿ, ಇಂದೇ ಮಾಡಬಹುದಾದದ್ದು ಬಹಳಷ್ಟಿದೆ. ಟಿ.ವಿ. ಆರಿಸಿ. ಬೆಳಕಿನಲ್ಲಿ ಎದುರು ಕುಳಿತು, ಒಬ್ಬೊಬ್ಬರಾಗಿ, ನಿಧಾನವಾಗಿ ಮಾತನಾಡಿ. ಮಾತನಾಡುವವರು ಧರಿಸುವ ಮೈಕ್ ಶಾಲೆಯಲ್ಲಿ ಅನೇಕರಿಗೆ ನೆರವಾಗಿದೆ. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ರೋಗಿಯನ್ನೇ ಕೇಳಿ. ನಡಿಗೆಯೂ ಮಾತೂ ಕುಂದುತ್ತಿರುವವನಿಗೆ ತಾಯಿಯ ಒಂದು ಮಾತು ಸ್ಪಷ್ಟವಾಗಿ ಕೇಳಿಸಿದರೂ ಅದು ಸಣ್ಣ ಲಾಭವಲ್ಲ. ಅದಕ್ಕಾಗಿ ಶಸ್ತ್ರಚಿಕಿತ್ಸೆಯ ಕಷ್ಟವನ್ನು ಸಹಿಸಬೇಕೋ ಬೇಡವೋ ಎಂದು ಹೇಳುವ ಹಕ್ಕು ಮೊದಲು ಅವನದು.

ಮನೆಯಲ್ಲಿ ಚರ್ಚಿಸಿ: ನಮ್ಮ ಮನೆಯಲ್ಲಿ ಕಿವಿ ಮಂದವಾದವರನ್ನು ಬಿಟ್ಟು ನಾವು ಮಾತನಾಡುತ್ತಿದ್ದೇವೆಯೇ?