ಹೋಲಿಕೆ ಬರಹ: ಸಂಗತಿ ಮತ್ತು ಅಭಿಪ್ರಾಯ

ಅಂದಿನ ಆಟಗಾರ ಮೇಲೋ ಇಂದಿನವನೋ ಎಂಬ ಚರ್ಚೆ ಕ್ರೀಡಾಭಿಮಾನಿಗಳಿಗೆ ಎಂದೂ ಮುಗಿಯದು. ಅದನ್ನೇ ಹೋಲಿಕೆ ಬರಹದ ಪಾಠವಾಗಿಸಲು ಐಸ್ ಹಾಕಿ ಉತ್ತಮ ನಿದರ್ಶನ. ಮಂಜುಗಡ್ಡೆಯ ಅಂಕಣದಲ್ಲಿ ಸ್ಕೇಟ್ ಧರಿಸಿ, ಚೆಂಡಿನ ಬದಲು ರಬ್ಬರಿನ ಬಿಲ್ಲೆಯನ್ನು ಗೋಲಿಗೆ ಹೊಡೆಯುವ ಆಟವಿದು.

ಕೆನಡಾದ ಗಾರ್ಡಿ ಹೋ 1980ರಲ್ಲಿ ನಿವೃತ್ತರಾದಾಗ ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಅವರ ಗೋಲುಗಳು 801. ಬಾಲ್ಯದಿಂದಲೂ ಹೋ ಅವರನ್ನೇ ಆದರ್ಶವೆಂದು ನಂಬಿದ್ದ ವೇಯ್ನ್ ಗ್ರೆಟ್ಸ್ಕಿ 1994ರಲ್ಲಿ ಆ ದಾಖಲೆಯನ್ನು ಮುರಿದು, 1999ರಲ್ಲಿ 894 ಗೋಲುಗಳೊಡನೆ ಆಟದಿಂದ ನಿವೃತ್ತರಾದರು. ರಷ್ಯಾದ ಅಲೆಕ್ಸಾಂಡರ್ ಒವೆಚ್ಕಿನ್ 2025ರ ಏಪ್ರಿಲ್ 6ರಂದು 895ನೆಯ ಗೋಲು ಗಳಿಸಿದಾಗ ಗ್ರೆಟ್ಸ್ಕಿ ಅಲ್ಲಿಯೇ ಇದ್ದು ಅವರನ್ನು ಅಭಿನಂದಿಸಿದರು. ಅದು ಒವೆಚ್ಕಿನ್ನರ 1,487ನೆಯ ಪಂದ್ಯ. ಗ್ರೆಟ್ಸ್ಕಿ ಆಡಿದ ಒಟ್ಟು ಪಂದ್ಯಗಳೂ 1,487.

ಇಷ್ಟನ್ನು ಓದಿದ ವಿದ್ಯಾರ್ಥಿ ಒವೆಚ್ಕಿನ್ನರೇ ಶ್ರೇಷ್ಠರೆಂದು ಬರೆಯಬಹುದು. ಆಗ ಶಿಕ್ಷಕರು ಮತ್ತೊಂದು ಅಂಕಿಯನ್ನು ಮುಂದಿಡಬೇಕು: ಸಹ ಆಟಗಾರರ ಗೋಲುಗಳಿಗೆ ಗ್ರೆಟ್ಸ್ಕಿ ನೀಡಿದ ನೆರವು 1,963. ತಮ್ಮ ಗೋಲು, ನೆರವು ಎರಡನ್ನೂ ಕೂಡಿಸಿದರೂ ಆ ಲೀಗಿನ ಬೇರೆ ಯಾವ ಆಟಗಾರರೂ ಈ ಸಂಖ್ಯೆಯನ್ನು ಮುಟ್ಟಿಲ್ಲ.

‘ಅತಿ ಹೆಚ್ಚು ಗೋಲು ಗಳಿಸಿದವರು’ ಎಂಬುದು ಸಂಗತಿ. ‘ಎಲ್ಲರಿಗಿಂತ ಶ್ರೇಷ್ಠರು’ ಎಂಬುದು ಅಭಿಪ್ರಾಯ. ಸಂಗತಿಗೆ ಲೆಕ್ಕ ಸಾಕು. ಅಭಿಪ್ರಾಯಕ್ಕೆ ಕಾರಣ ಬೇಕು. ಈ ಭೇದವನ್ನರಿತ ವಿದ್ಯಾರ್ಥಿ ಪತ್ರಿಕೆಯನ್ನೂ ಜಾಹೀರಾತನ್ನೂ ಎಚ್ಚರದಿಂದ ಓದಬಲ್ಲನು.

ಅಭ್ಯಾಸ: ವಿದ್ಯಾರ್ಥಿಗಳು ತಮಗೆ ಪ್ರಿಯರಾದ ಇಬ್ಬರು ಆಟಗಾರರನ್ನು ‘ಗಿಂತ’, ‘ಆದರೆ’, ‘ಏಕೆಂದರೆ’ ಪದಗಳನ್ನು ಬಳಸಿ ಆರು ವಾಕ್ಯಗಳಲ್ಲಿ ಹೋಲಿಸಲಿ, ಸಂಗತಿಗಳಿಗೆ ಅಡಿಗೆರೆ ಎಳೆಯಲಿ.