ಕೃಷಿ ಸಹಾಯಧನ: ಪಹಣಿ ಯಾರದೋ ಹಣ ಅವರದು

ಪಿಎಂ ಕಿಸಾನ್ ಯೋಜನೆಗೆ 2019ರ ಫೆಬ್ರವರಿ 24ರಂದು ಚಾಲನೆ ಸಿಕ್ಕಿತು; ಜಾರಿ ಮಾತ್ರ 2018ರ ಡಿಸೆಂಬರ್ 1ರಿಂದ ಪೂರ್ವಾನ್ವಯ. ವರ್ಷಕ್ಕೆ 6,000 ರೂಪಾಯಿ, 2,000ದ ಮೂರು ಕಂತು. ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ 2019ರಲ್ಲಿ ಮುಖ್ಯಮಂತ್ರಿಯಾದಾಗ ರಾಜ್ಯದಿಂದ 4,000 ಸೇರಿಸಿದರು. 2023ರಲ್ಲಿ ಅದು ನಿಂತಿತು.

ಯಾರಿಗೆ ಸಿಗುತ್ತದೆ? ಉಳುವವನಿಗಲ್ಲ, ಪಹಣಿ ಎಂಬ ಜಮೀನು ದಾಖಲೆಯಲ್ಲಿ ಹೆಸರಿರುವವನಿಗೆ. ಶಿವಮೊಗ್ಗದ ರವೀಂದ್ರನಗರದಲ್ಲಿ ಮನೆ, ಭದ್ರಾವತಿ ತಾಲ್ಲೂಕಿನಲ್ಲಿ ಅಡಿಕೆ ತೋಟ ಇದ್ದವರೂ ಅರ್ಹರೇ. ಆದರೆ ಆದಾಯ ತೆರಿಗೆ ಕಟ್ಟುವವರು, ವೃತ್ತಿನಿರತ ವೈದ್ಯ, ವಕೀಲ, ಎಂಜಿನಿಯರುಗಳು, ತಿಂಗಳಿಗೆ 10,000 ಅಥವಾ ಹೆಚ್ಚು ಪಿಂಚಣಿ ಪಡೆಯುವವರು ಹೊರಗೆ. ಸರ್ಕಾರಿ ನೌಕರರಲ್ಲಿ ಡಿ ಗುಂಪಿನವರಿಗೆ ಮಾತ್ರ ವಿನಾಯಿತಿ.

ಗೇಣಿಗೆ ಗದ್ದೆ ಮಾಡುವವರಿಗೂ, ಸರ್ಕಾರಿ ಜಮೀನು ಉಳುತ್ತಿದ್ದರೂ ಅದು ಮಂಜೂರಾಗದ ಬಗರ್‌ಹುಕುಂ ಸಾಗುವಳಿದಾರರಿಗೂ ಬಿಡಿಗಾಸಿಲ್ಲ. 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದ ಶಿವಮೊಗ್ಗ ಜಿಲ್ಲೆಯಲ್ಲಿ ಈ ಮಾತು ಸ್ವಲ್ಪ ಚುಚ್ಚುತ್ತದೆ. 1974ರ ಭೂಸುಧಾರಣಾ ತಿದ್ದುಪಡಿಯಿಂದ ಹಕ್ಕು ಪಡೆದ ಗೇಣಿದಾರರ ಮಕ್ಕಳು ಇಂದು ಫಲಾನುಭವಿಗಳಾಗಲು ಕಾರಣ ಅದೇ ಪಹಣಿ.

ಈ ಪಹಣಿಯ ಜಮೀನನ್ನು ರೈತರ ಆಧಾರ್‌ಗೆ ಜೋಡಿಸುವ ರಾಜ್ಯದ ತಂತ್ರಾಂಶ ‘ಫ್ರೂಟ್ಸ್’. ಅದು ಕೊಡುವ ಗುರುತಿನ ಸಂಖ್ಯೆ ‘ಎಫ್‌ಐಡಿ’. ತೀರಿಕೊಂಡ ಅಜ್ಜನ ಹೆಸರಿನಲ್ಲೇ ಖಾತೆ ಉಳಿದಿದ್ದರೆ ಮೊದಲು ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಬೇಕು.